ಪಿನ್ ಮೊದಲು, ರೀಮರ್ ಆಮೇಲೆ: ಆರು ಬಗೆ ರೀಮರ್ ಬಳಸಿ ನೋಡಿದ ಹೋಲಿಕೆ

ಹತ್ತು ಎಂಎಂ ಡ್ರಿಲ್ ಬಿಟ್ ಹತ್ತು ಎಂಎಂ ತೂತು ಕೊರೆಯುವುದಿಲ್ಲ. ಲೇತ್ ಮುಂದೆ ನಿಂತವರಿಗೆಲ್ಲ ಇದು ಒಂದಲ್ಲ ಒಂದು ದಿನ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಟೂಲ್‌ಗಳಿಗೆ ಸಾಣೆ ಹಿಡಿಯಲು ಒಂದು ಸಣ್ಣ ರೆಸ್ಟ್ (ಟೂಲನ್ನು ಬೇಕಾದ ಕೋನದಲ್ಲಿ ಇಟ್ಟು ಹಿಡಿಯುವ ಆಧಾರ) ಮಾಡುವಾಗ. ಮೂರು ಕಬ್ಬಿಣದ ತೋಳುಗಳು. ಪಿನ್ ಹಾಕಿ ಒಂದಕ್ಕೊಂದು ಸೇರಿಸಬೇಕು. ಹೊಸ ಬಿಟ್ ಹಾಕಿಯೇ ತೂತು ಕೊರೆದೆ. ಪಿನ್ ತೂರಿಸಿ ತೋಳಿನ ತುದಿ ಅಲ್ಲಾಡಿಸಿದರೆ ಕಟಕಟ ಸದ್ದು. ಅಳೆದರೆ ತೂತು 10.1ರ ಹತ್ತಿರ, ಅದೂ ಪೂರ್ತಿ ದುಂಡಗಿಲ್ಲ. ಪಿನ್ನಿನ ಹತ್ತಿರ ಇಷ್ಟು ಲೂಸ್ ಇದ್ದರೆ ತೋಳಿನ ತುದಿಗೆ ಬರುವಷ್ಟರಲ್ಲಿ ಅದು ಹಲವು ಪಟ್ಟಾಗುತ್ತದೆ. ಅಂಥ ರೆಸ್ಟ್ ಮೇಲೆ ಸಾಣೆ ಹಿಡಿದರೆ ಟೂಲಿನ ಕೋನ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

ಆವತ್ತಿನಿಂದ ರೀಮರ್ ಹುಡುಕಾಟ ಶುರುವಾಯಿತು. ರೀಮರ್ ಎಂದರೆ ಕೊರೆದ ತೂತಿನ ಗೋಡೆಯಿಂದ ಇನ್ನೊಂಚೂರು ಲೋಹ ತೆಗೆದು ಅದನ್ನು ಸರಿಯಾದ ಸೈಜಿಗೆ ತರುವ, ಸುತ್ತಲೂ ಹಲ್ಲುಗಳಿರುವ ಟೂಲ್. ಹ್ಯಾಂಡ್ ರೀಮರ್, ಮಷೀನ್ ರೀಮರ್, ಬಳಸಿದ ಹಳೇ ರೀಮರ್, ಸ್ಕ್ರೂ ತಿರುಗಿಸಿ ಹಿಗ್ಗಿಸುವ ರೀಮರ್, ಬ್ಲೇಡ್ ಜಾರಿಸುವ ಅಡ್ಜಸ್ಟಬಲ್ ರೀಮರ್, ಕೊನೆಗೆ ನಾನೇ ಮಾಡಿಕೊಂಡ ರೀಮರ್. ಆರನ್ನೂ ಬಳಸಿದ್ದೇನೆ. ಒಂದೇ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪಟ್ಟಿಯಿಂದ 20 ಎಂಎಂ ದಪ್ಪದ ತುಂಡುಗಳನ್ನು ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ರೀಮರ್ ಹಾಕಿ ನೋಡಿದ್ದೇನೆ.

ತೂತು ಅಳೆಯುವುದು ಹೇಗೆ ಎಂಬುದು ಮೊದಲ ಪ್ರಶ್ನೆ. ವರ್ನಿಯರ್‌ನ ಒಳಬಾಯಿ ಈ ಕೆಲಸಕ್ಕೆ ಆಗುವುದಿಲ್ಲ. ಅದರ ಚಪ್ಪಟೆ ತುದಿ ಸಣ್ಣ ತೂತಿನಲ್ಲಿ ಯಾವಾಗಲೂ ಕಡಿಮೆಯೇ ತೋರಿಸುತ್ತದೆ. ಅದಕ್ಕೆ ಒಂದು ಉದ್ದದ ರಾಡನ್ನು ಲೇತ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಿಕೊಂಡೆ. 9.98, 9.99, 10.00, 10.01, 10.02, 10.03. ಪ್ರತಿ ಮೆಟ್ಟಿಲನ್ನೂ ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ, ಮೈಕ್ರೋಮೀಟರ್ ಹಿಡಿದು, ಮತ್ತೆ ಉಜ್ಜಿ ಸೈಜಿಗೆ ತಂದೆ. ಇಡೀ ಒಂದು ಸಂಜೆ ಹಿಡಿಯಿತು. ಆದರೆ ಈ ಗೇಜ್ ಇಲ್ಲದಿದ್ದರೆ ಮುಂದಿನ ಮಾತೆಲ್ಲ ಬರೀ ಅಂದಾಜು ಆಗುತ್ತಿತ್ತು. ಸರಿಯಾದ ಮೆಟ್ಟಿಲು ತೂತಿಗೆ ಎಣ್ಣೆಯ ಪದರದ ಮೇಲೆ ಮೆಲ್ಲಗೆ ಇಳಿಯುತ್ತದೆ. ಒಂದು ಬದಿ ಹೆಬ್ಬೆರಳಿನಲ್ಲಿ ಮುಚ್ಚಿ ಎಳೆದರೆ ‘ಟಪ್’ ಎಂದು ಗಾಳಿ ಒಡೆಯುತ್ತದೆ. ಮುಂದಿನ ಮೆಟ್ಟಿಲು ಬಾಯಲ್ಲೇ ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಸದ್ದು ಅದು.

ಸೈಜ್ ಅಂದರೆ ಯಾವ ಸೈಜ್?

ಅಂಗಡಿಯಲ್ಲಿ ಸಿಗುವ ಮಾಮೂಲಿ ರೀಮರ್ ಮೇಲೆ 10 ಎಚ್7 ಎಂದು ಬರೆದಿರುತ್ತದೆ. ಎಚ್7 ಎಂಬುದು ತೂತು ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಮಿತಿಯ ಹೆಸರು. ಹತ್ತು ಎಂಎಂಗೆ ಎಚ್7 ಎಂದರೆ ತೂತು 10.000ದಿಂದ 10.015ರ ಒಳಗೆ ಇರಬೇಕು. ಆರು ಎಂಎಂಗಾದರೆ 6.000ದಿಂದ 6.012. ತೂತು ರೀಮರ್‌ಗಿಂತ ಸ್ವಲ್ಪ ದೊಡ್ಡದೇ ಬರುತ್ತದೆ. ಆದ್ದರಿಂದ ರೀಮರನ್ನು ಮೇಲಿನ ಮಿತಿಗಿಂತ ಸ್ವಲ್ಪ ಕೆಳಗೇ ಮಾಡಿರುತ್ತಾರೆ. ಡಿನ್ (ಜರ್ಮನಿಯ ಮಾನದಂಡ) ಲೆಕ್ಕದ ಪ್ರಕಾರ ಹತ್ತು ಎಂಎಂ ಎಚ್7 ರೀಮರ್ 10.006ರಿಂದ 10.012ರ ನಡುವೆ ಇರುತ್ತದೆ. ಅಂದರೆ ಹೊಸದಾಗಿದ್ದಾಗ ಅದು ಯಾವತ್ತೂ ಸರಿಯಾಗಿ ಹತ್ತು ಅಲ್ಲ.

ಈಗ ಪಿನ್ ನೋಡಿ. ನನ್ನ ಹತ್ತಿರ ಇದ್ದ ಗ್ರೈಂಡ್ ಮಾಡಿದ ಸಿಲ್ವರ್ ಸ್ಟೀಲ್ (ಕಾಯಿಸಿ ಅದ್ದಿದರೆ ಗಡಸಾಗುವ ಉಕ್ಕು, ಬೆಳ್ಳಿ ಅಲ್ಲ) ರಾಡ್ 9.99 ಇತ್ತು. 10.01 ತೂತಿಗೆ ಅದು ಚೆಂದಾಗಿ ತಿರುಗುತ್ತದೆ. ಅದೇ ತೂತಿಗೆ ಗಡಸು ಡವೆಲ್ ಪಿನ್ (ಎರಡು ತುಂಡುಗಳನ್ನು ಕದಲದಂತೆ ಜೋಡಿಸುವ ಪಿನ್) ಹಾಕಿ ನೋಡಿ. ಎಂ6 ಮಿತಿಯ (ಎಂ6 ಸ್ಕ್ರೂ ಅಲ್ಲ, ಎಚ್7ರ ಹಾಗೆ ಪಿನ್ನಿನ ಒಂದು ಮಿತಿ) ಹತ್ತು ಎಂಎಂ ಡವೆಲ್ 10.006ರಿಂದ 10.015ರವರೆಗೆ ಇರಬಹುದು. ಅದು ಸಾಮಾನ್ಯವಾಗಿ ಕೈಯಲ್ಲಿ ಹೋಗುವುದಿಲ್ಲ, ತಟ್ಟಿ ಕೂರಿಸಬೇಕು. ಒಂದೇ ರೀಮರ್, ಒಂದೇ ತೂತು. ಒಂದು ಪಿನ್ ತಿರುಗುತ್ತದೆ, ಇನ್ನೊಂದು ಕಚ್ಚಿ ಕೂರುತ್ತದೆ. ಎರಡೂ ‘ಹತ್ತು ಎಂಎಂ’ ಪಿನ್ನೇ, ಅಲ್ವಾ?

ಅದಕ್ಕೇ ನಾನು ಹೇಳುವುದು: ರೀಮರ್ ಕೊಳ್ಳುವ ಮೊದಲು ನಿಮ್ಮ ಡ್ರಾಯರ್‌ನಲ್ಲಿರುವ ರಾಡನ್ನು ಅಳೆಯಿರಿ. ಆ ರಾಡ್ ತಿರುಗಬೇಕೋ, ಜಾರಬೇಕೋ, ಬಿಗಿಯಾಗಿ ಕೂರಬೇಕೋ ತೀರ್ಮಾನ ಮಾಡಿ. ಆಮೇಲೆ ಅದಕ್ಕೆ ಹೊಂದುವ ರೀಮರ್ ಹುಡುಕಿ. ನಾನು ಇದನ್ನು ತಲೆಕೆಳಗು ಮಾಡಿದ್ದೆ.

ಹ್ಯಾಂಡ್ ರೀಮರ್

ಮೊದಲು ಕೊಂಡಿದ್ದು ಇದು. ಹಿಂದುಗಡೆ ಚೌಕ ತಲೆ, ಟ್ಯಾಪ್ (ತೂತಿನೊಳಗೆ ಸ್ಕ್ರೂ ಸುತ್ತು ಕೊರೆಯುವ ಟೂಲ್) ಹ್ಯಾಂಡಲ್ ಹಾಕಿ ತಿರುಗಿಸುವುದು. ಹತ್ತು ಎಂಎಂನದಕ್ಕೆ ಹಲ್ಲುಗಳ ಉದ್ದ 66 ಎಂಎಂ ಹತ್ತಿರ. ಅದರಲ್ಲಿ ಮುಂದಿನ ಸುಮಾರು ಕಾಲು ಭಾಗ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತಾ ಹೋಗುತ್ತದೆ. ಕತ್ತರಿಸುವ ಕೆಲಸವೆಲ್ಲ ಆ ಇಳಿಜಾರಿನದು. ಹಿಂದಿನ ನೇರ ಭಾಗ ದಾರಿ ತೋರಿಸುತ್ತದೆ ಅಷ್ಟೇ.

ಈ ಇಳಿಜಾರಿನಿಂದ ಒಂದು ಲಾಭ, ಎರಡು ತೊಂದರೆ. ಮೂತಿ ತೂತಿನೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆ, ಅದು ಲಾಭ. ಆದರೆ ಒಂದು ಕಡೆ ಮುಚ್ಚಿದ ತೂತಿನ ತಳದವರೆಗೆ ಇದು ಸೈಜ್ ಕೊಡುವುದಿಲ್ಲ. ಇನ್ನು, ಇದು ತೆಗೆಯುವ ಲೋಹ ಬಹಳ ಕಡಿಮೆ. 0.05ರಿಂದ 0.1 ಎಂಎಂ ಮಾತ್ರ ಬಿಡಬೇಕು. ಡ್ರಿಲ್ ಬಿಟ್‌ನಿಂದ ಬಂದ ತೂತಿನಲ್ಲಿ ಅಷ್ಟು ಸರಿಯಾಗಿ ಉಳಿಸುವುದೇ ಕಷ್ಟ. 9.8 ಬಿಟ್ ಹಾಕಿ, ಅದು ಸ್ವಲ್ಪ ದೊಡ್ಡದು ಕೊರೆದಿದ್ದರಿಂದ ನನಗೆ ಹೊಂದಿತು. 

ಮೊದಲ ತುಂಡನ್ನು ವೈಸ್‌ಗೆ ಕಟ್ಟಿ ಎರಡೂ ಕೈಯಲ್ಲಿ ತಿರುಗಿಸಿದೆ. ಕಣ್ಣಳತೆಯಲ್ಲಿ ನೆಟ್ಟಗೇ ಇತ್ತು. ಆದರೆ ಹ್ಯಾಂಡಲ್ ಪ್ರತಿ ಸುತ್ತಿಗೂ ಒಂಚೂರು ಆಕಡೆ ಈಕಡೆ ವಾಲುತ್ತದೆ. ಗೇಜ್ ಹಾಕಿದರೆ ತೂತಿನ ಬಾಯಿ 10.03, ಒಳಗೆ 10.01. ಗಂಟೆಯ ಬಾಯಿ ಹಾಗೆ ಅರಳಿತ್ತು.

ಎರಡನೇ ತುಂಡಿಗೆ ಬೇರೆ ದಾರಿ ಹಿಡಿದೆ. ಹ್ಯಾಂಡ್ ರೀಮರ್‌ನ ಹಿಂಬದಿಯಲ್ಲಿ, ಚೌಕದ ನಟ್ಟನಡುವೆ, ಒಂದು ಸಣ್ಣ ಸೆಂಟರ್ ತೂತು ಇರುತ್ತದೆ. ಅದು ಸುಮ್ನೆ ಇರುವುದಲ್ಲ. ತುಂಡನ್ನು ಅದನ್ನು ಕಚ್ಚಿ ಹಿಡಿಯುವ ಲೇತ್ ಚಕ್‌ನಲ್ಲೇ ಬಿಟ್ಟು, ರೀಮರ್ ಮೂತಿಯನ್ನು ತೂತಿಗೆ ಇಟ್ಟು, ಹಿಂದಿನ ಆ ತೂತಿಗೆ ಟೇಲ್‌ಸ್ಟಾಕ್‌ನ (ಲೇತ್‌ನ ಇನ್ನೊಂದು ತುದಿಯ ಆಧಾರ) ಸೆಂಟರ್, ಅಂದರೆ ಚೂಪು ಮೊನೆ, ಕೊಟ್ಟೆ. ಮೋಟರ್ ಆಫ್, ಪ್ಲಗ್ ತೆಗೆದಿದ್ದೆ. ಒಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಟೇಲ್‌ಸ್ಟಾಕ್ ಚಕ್ರ ಹಿಂಬಾಲಿಸುವುದು. ಈಗ ವಾಲಲು ಜಾಗವೇ ಇಲ್ಲ. ಬಾಯಿಂದ ಕೊನೆಯವರೆಗೂ 10.01 ಇಳಿಯಿತು, 10.02 ನಿಂತಿತು. ಅದೇ ರೀಮರ್, ಅದೇ ಕಬ್ಬಿಣ, ಅದೇ ಕೈ.

ಒಂದು ಎಚ್ಚರಿಕೆ. ರೀಮರನ್ನು ಎಂದೂ ಹಿಂದಕ್ಕೆ ತಿರುಗಿಸಬಾರದು. ಟ್ಯಾಪ್ ಹಾಕುವ ಅಭ್ಯಾಸದಲ್ಲಿ ಅರ್ಧ ಸುತ್ತು ಹಿಂದೆ ತಿರುಗಿಸಿಬಿಟ್ಟೆ. ಹಲ್ಲಿನ ಬೆನ್ನಿಗೂ ತೂತಿನ ಗೋಡೆಗೂ ನಡುವೆ ಒಂದು ಚೂರು ಸಿಕ್ಕಿಕೊಂಡಿತು. ಟಾರ್ಚ್ ಹಿಡಿದು ನೋಡಿದಾಗ ಕನ್ನಡಿಯಂಥ ಗೋಡೆಯಲ್ಲಿ ಸುತ್ತಲೂ ಒಂದು ಗೀರು. ಲೆನ್ಸ್‌ನಲ್ಲಿ ರೀಮರ್ ನೋಡಿದರೆ ಒಂದು ಹಲ್ಲಿನ ಅಂಚು ಸಣ್ಣಗೆ ಮುಕ್ಕಾಗಿತ್ತು. ಹೊರಗೆ ತೆಗೆಯುವಾಗಲೂ ಮುಂದಕ್ಕೇ ತಿರುಗಿಸುತ್ತಾ ಎಳೆಯಬೇಕು.

ಮಷೀನ್ ರೀಮರ್

ನನ್ನ ಲೇತ್‌ನಲ್ಲಿ ಈಗ ಹತ್ತರಲ್ಲಿ ಒಂಬತ್ತು ಸಲ ಬಳಸುವುದು ಇದನ್ನೇ. ಮೂತಿಯಲ್ಲಿ ಇಳಿಜಾರಿಲ್ಲ, 45 ಡಿಗ್ರಿಯ ಒಂದು ಸಣ್ಣ ಅಂಚು ಇದೆ. ಕತ್ತರಿಸುವುದು ಆ ಅಂಚು ಮಾತ್ರ. ಹಲ್ಲುಗಳೂ ಗಿಡ್ಡ, ಹತ್ತು ಎಂಎಂನದಕ್ಕೆ 38 ಎಂಎಂ. ಮೂತಿ ಗಿಡ್ಡವಿರುವುದರಿಂದ ಮುಚ್ಚಿದ ತೂತಿನ ತಳದ ಹತ್ತಿರದವರೆಗೂ ಹೋಗುತ್ತದೆ. 0.2 ಎಂಎಂ ಲೋಹವನ್ನು ಆರಾಮಾಗಿ ತೆಗೆಯುತ್ತದೆ.

ಇದನ್ನು ಮೂರು ಥರ ಪ್ರಯತ್ನಿಸಿದೆ.

ಮೊದಲನೆಯದು 9.8 ಬಿಟ್, ಅದರ ಹಿಂದೆಯೇ ರೀಮರ್. ಫಲಿತಾಂಶ ಬಾಯಲ್ಲಿ 10.02, ಒಳಗೆ 10.01. ಬಹಳಷ್ಟು ಕೆಲಸಕ್ಕೆ ಇದು ಸಾಕು.

ಎರಡನೆಯದರಲ್ಲಿ ಎಡವಿದೆ. ಕಡಿಮೆ ಲೋಹ ಬಿಟ್ಟರೆ ತೂತು ಇನ್ನೂ ನಯವಾಗಿ ಬರುತ್ತದೆ ಎಂದುಕೊಂಡು 9.9 ಬಿಟ್ ಹಾಕಿದೆ. ರೀಮರ್ ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಹೊರಗೆ ಬಂತು. ಅದರ ಮೇಲೆ ಒಂದು ಚೂರೂ ಇರಲಿಲ್ಲ. ಬಿಟ್ ಮೊದಲೇ ಹತ್ತು ದಾಟಿ ಕೊರೆದಿತ್ತು. ತೂತಿನಲ್ಲಿ ಬಿಟ್‌ನ ಸುರುಳಿ ಗೀರುಗಳು ಹಾಗೆಯೇ ಇದ್ದವು. ಇನ್ನು ಕೂದಲೆಳೆಯಷ್ಟು ಲೋಹ ಉಳಿದಿದ್ದರೂ ಕೆಟ್ಟದ್ದೇ. ಕತ್ತರಿಸಲು ಸಾಲದಿದ್ದರೆ ಹಲ್ಲು ಬರೀ ಉಜ್ಜುತ್ತದೆ, ಬಿಸಿಯಾಗುತ್ತದೆ, ಮೊಂಡಾಗುತ್ತದೆ. ರೀಮರ್‌ಗೆ ತಿನ್ನಲು ಏನಾದರೂ ಇರಬೇಕು.

ಮೂರನೆಯದು 9 ಎಂಎಂ ಬಿಟ್, ಆಮೇಲೆ ಸಣ್ಣ ಬೋರಿಂಗ್ ಟೂಲ್‌ನಿಂದ (ತೂತಿನ ಒಳಗೋಡೆ ಕಡೆದು ದೊಡ್ಡದು ಮಾಡುವ ಟೂಲ್) 9.8ಕ್ಕೆ ತಂದು, ಆಮೇಲೆ ರೀಮರ್. ಬಾಯಿ, ನಡು, ತಳ ಎಲ್ಲ ಕಡೆ 10.01. ಹೊರಮೈಗೂ ತೂತಿಗೂ ಸೆಂಟರ್ ಒಂದೇ. ಇದು ಯಾಕೆ ಎಂದರೆ, ರೀಮರ್ ಮೊದಲೇ ಇರುವ ತೂತನ್ನು ಹಿಂಬಾಲಿಸುತ್ತದೆ. ಬಿಟ್ ಓರೆಯಾಗಿ ಹೋಗಿದ್ದರೆ ರೀಮರ್ ಆ ಓರೆ ತೂತನ್ನೇ ನಯ ಮಾಡಿ ಕೊಡುತ್ತದೆ. ಸೈಜ್ ಕೊಡುವುದು ರೀಮರ್, ಜಾಗ ಮತ್ತು ನೇರ ಕೊಡುವುದು ಬೋರಿಂಗ್. ಈ ಎರಡನ್ನೂ ರೀಮರ್‌ನಿಂದಲೇ ನಿರೀಕ್ಷಿಸಿ ನಾನು ಹಲವು ತುಂಡು ಹಾಳುಮಾಡಿದ್ದೇನೆ.

ವೇಗದ ಬಗ್ಗೆ: ಅದೇ ಸೈಜಿನ ಡ್ರಿಲ್‌ಗೆ ಕೊಡುವ ವೇಗದ ಅರ್ಧ ಅಥವಾ ಅದಕ್ಕೂ ಕಡಿಮೆ. ಫೀಡ್ (ಟೂಲ್ ಒಳಗೆ ಸಾಗುವ ದರ) ಮಾತ್ರ ಡ್ರಿಲ್‌ಗಿಂತ ಎರಡು ಮೂರು ಪಟ್ಟು ಜಾಸ್ತಿ. ಮೈಲ್ಡ್ ಸ್ಟೀಲ್‌ಗೆ ಹೈಸ್ಪೀಡ್ ಸ್ಟೀಲ್ ರೀಮರ್ ಹಾಕುವಾಗ ಹಲ್ಲಿನ ಅಂಚಿನ ವೇಗ ನಿಮಿಷಕ್ಕೆ 8 ಮೀಟರ್ ಹಿಡಿಯುತ್ತೇನೆ. ಹತ್ತು ಎಂಎಂಗೆ ಅದು ಸುಮಾರು 250 ಸುತ್ತು. ಹೆದರಿ ಮೆಲ್ಲಗೆ ಒತ್ತಿದರೆ ಡರ್ರ್ ಎಂದು ಅದುರಲು ಶುರುವಾಗುತ್ತದೆ, ಗೋಡೆಯ ಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಅದುರಿದರೆ ವೇಗ ಇಳಿಸಿ, ಕೈ ಬಿಗಿಮಾಡಿ ಫೀಡ್ ಕೊಡಿ. ಒಳಗೆ ನಿಲ್ಲಿಸಿಕೊಂಡು ಯೋಚಿಸಬೇಡಿ. ಹೋಗಿ, ಬನ್ನಿ. ಹೊರಗೆ ಬರುವಾಗಲೂ ಚಕ್ ಮುಂದಕ್ಕೇ ತಿರುಗುತ್ತಿರಲಿ.

ರೀಮರ್‌ನ ಹಲ್ಲುಗಳನ್ನು ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಸಮಸಂಖ್ಯೆ. ಎದುರುಬದುರು ಹಲ್ಲು ಇದ್ದರೆ ಮೈಕ್ರೋಮೀಟರ್ ಹಿಡಿಯಲು ಆಗುತ್ತದೆ. ಆದರೆ ಹಲ್ಲುಗಳ ನಡುವಿನ ದೂರವನ್ನು ಬೇಕೆಂದೇ ಸ್ವಲ್ಪ ಹೆಚ್ಚುಕಡಿಮೆ ಮಾಡಿರುತ್ತಾರೆ. ಎಲ್ಲವೂ ಒಂದೇ ತಾಳಕ್ಕೆ ಬಿದ್ದರೆ ಅದುರುವಿಕೆ ಬೆಳೆಯುತ್ತಾ ಹೋಗುತ್ತದೆ, ಅದನ್ನು ಮುರಿಯಲು ಈ ಉಪಾಯ. ಮೊದಲ ಸಲ ಇದನ್ನು ಗಮನಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ನೇರ ಹಲ್ಲು ಒಳ್ಳೆಯದೋ ತಿರುಚಿದ್ದೋ? ಮಾಮೂಲಿ ತೂತಿಗೆ ಎರಡೂ ನಡೆಯುತ್ತವೆ. ತೂತಿನೊಳಗೆ ಕೀ ಕೂರುವ ತೋಡು ಇದ್ದರೆ ನೇರ ಹಲ್ಲು ಅದರಲ್ಲಿ ಬಿದ್ದು ಸಿಕ್ಕಿಕೊಳ್ಳುತ್ತದೆ, ತಿರುಚಿದ್ದೇ ಬೇಕು. ಎಡಕ್ಕೆ ತಿರುಚಿದ್ದು ಚೂರುಗಳನ್ನು ಮುಂದಕ್ಕೆ ತಳ್ಳುತ್ತದೆ, ತಾನಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಆಚೆ ಬದಿಯವರೆಗೂ ತೆರೆದ ತೂತಿಗೆ ನನ್ನ ಆಯ್ಕೆ ಅದು. ಮುಚ್ಚಿದ ತೂತಿನಲ್ಲಿ ಚೂರು ತಳದಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿ ಅದು ಬೇಡ.

ಹ್ಯಾಂಡ್ ಮತ್ತು ಮಷೀನ್ ಎರಡನ್ನೂ ಪಕ್ಕಪಕ್ಕ ಇಟ್ಟರೆ, ಲೇತ್ ಅಥವಾ ಒಳ್ಳೆಯ ಡ್ರಿಲ್ ಮಷೀನ್ ಇರುವವರಿಗೆ ಮಷೀನ್ ರೀಮರ್ ಸಾಕು. ಎರಡು ತುಂಡುಗಳನ್ನು ಜೋಡಿಸಿ, ಜಾಗದಲ್ಲೇ ಒಟ್ಟಿಗೆ ತೂತು ಸರಿಮಾಡಬೇಕು, ಆ ಜೋಡಣೆ ಮಷೀನ್‌ಗೆ ಹತ್ತುವುದಿಲ್ಲ ಎಂದಾಗ ಮಾತ್ರ ಹ್ಯಾಂಡ್ ರೀಮರ್‌ಗೆ ಬೆಲೆ. ಹ್ಯಾಂಡ್ ರೀಮರನ್ನು ಚಕ್‌ಗೆ ಹಾಕಿ ಮೋಟರ್ ಓಡಿಸಬೇಡಿ. ಅದರ ಉದ್ದ ಇಳಿಜಾರು ಒಂದೇ ಸಲ ಪೂರ್ತಿ ಕಚ್ಚಿಕೊಳ್ಳುತ್ತದೆ.

ಹಳೇ ರೀಮರ್‌ಗಳು

ಇಲ್ಲಿ ನನಗೆ ಅನಿರೀಕ್ಷಿತ ಲಾಭ ಸಿಕ್ಕಿತು. ಮುಚ್ಚಿದ ಒಂದು ವರ್ಕ್‌ಶಾಪಿನ ಸಾಮಾನಿನಲ್ಲಿ ಒಂದು ಡಬ್ಬ ತುಂಬ ರೀಮರ್ ಬಂತು. ಹೊಸದರ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಡಬ್ಬದಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಅರ್ಧಕ್ಕರ್ಧ ಅಲ್ಲೇ ಹಾಳಾಗಿದ್ದವು.

ಹಳೇದನ್ನು ಆರಿಸುವಾಗ ನಾನು ಮಾಡುವುದು ಇಷ್ಟು. ಉಗುರನ್ನು ಪ್ರತಿ ಹಲ್ಲಿನ ಮೂತಿಯ ಅಂಚಿಗೆ ತಾಗಿಸಿ ಎಳೆಯುತ್ತೇನೆ. ಚೂಪಿದ್ದರೆ ಉಗುರಿನಿಂದ ಸಣ್ಣ ಪುಡಿ ಏಳುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಆಮೇಲೆ ಲೆನ್ಸ್ ಹಿಡಿದು ಅಂಚಿನಲ್ಲಿ ಬಿಳಿ ಗೆರೆ ಹೊಳೆಯುತ್ತದೆಯೇ ನೋಡುತ್ತೇನೆ. ಚೂಪಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ, ಸವೆದದ್ದು ಹೊಳೆಯುತ್ತದೆ. ಕೊನೆಗೆ ಮೈಕ್ರೋಮೀಟರ್. ಅಳೆಯಬೇಕಾದ್ದು ಮೂತಿಯ ಅಂಚಿನ ಸ್ವಲ್ಪವೇ ಹಿಂದೆ. ಮಷೀನ್ ರೀಮರ್ ಹಿಂದಕ್ಕೆ ಹೋದಂತೆ ಒಂಚೂರು ಸಣ್ಣದಾಗುವುದರಿಂದ ನಡುವೆ ಅಳೆದರೆ ತಪ್ಪು ಸೈಜ್ ಸಿಗುತ್ತದೆ.

ಆ ಡಬ್ಬದಲ್ಲಿ ‘10’ ಎಂದು ಕೊರೆದಿದ್ದ ಒಂದು ರೀಮರ್ ಅಳೆದರೆ 9.98 ಮಾತ್ರ. ಯಾರೋ ಸಾಣೆ ಹಿಡಿಸಿ ಸಣ್ಣ ಮಾಡಿದ್ದರು. ಮೊದಲು ಪಕ್ಕಕ್ಕೆ ಇಟ್ಟೆ. ಆಮೇಲೆ ನನ್ನ 9.99 ರಾಡ್ ನೆನಪಾಯಿತು. ಪಿನ್ ತೋಳಿಗೆ ಬಿಗಿಯಾಗಿ ಕೂರಬೇಕು ಎಂದಾಗ ಇದೇ ಬೇಕಾದ ಸೈಜ್ ಅಲ್ಲವೇ? ರೆಸ್ಟ್‌ನ ಮೂರು ತೋಳುಗಳಲ್ಲಿ ನಡುವಿನದಕ್ಕೆ ಈ ಹಳೇ ರೀಮರ್, ಎರಡು ಪಕ್ಕದವಕ್ಕೆ ಹೊಸದು. ವೈಸ್ ಬಾಯಲ್ಲಿ ಮೆಲ್ಲಗೆ ಒತ್ತಿದಾಗ ಪಿನ್ ನಡುವಿನ ತೋಳಿಗೆ ಹೋಗಿ ಕೂತಿತು, ಪಕ್ಕದ ಎರಡರಲ್ಲಿ ಎಣ್ಣೆಯ ಮೇಲೆ ತಿರುಗಿತು. ಕಟಕಟ ಸದ್ದು ಪೂರ್ತಿ ಹೋಯಿತು. ಈಗ ಆ ‘ಕೆಟ್ಟ’ ರೀಮರನ್ನು ಎಲ್ಲಕ್ಕಿಂತ ಜೋಪಾನವಾಗಿ ಇಟ್ಟಿದ್ದೇನೆ. ಮೇಲೆ ಬರೆಯುವ ಮಾಮೂಲಿ ಸೈಜಿಗಿಂತ 0.01, 0.02 ಹೆಚ್ಚುಕಡಿಮೆ ಇರುವ ರೀಮರ್‌ಗಳು ಹೊಸದಾಗಿಯೂ ಸಿಗುತ್ತವೆ, ಕೇಳಿ ತರಿಸಬೇಕು.

ಹಿಗ್ಗಿಸುವುದು, ಜಾರಿಸುವುದು

ಇವೆರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ಒಂದೇ ಅಲ್ಲ.

ಹಿಗ್ಗಿಸುವ ರೀಮರ್‌ನ ಒಡಲು ಟೊಳ್ಳು, ಉದ್ದಕ್ಕೆ ಸೀಳಿರುತ್ತದೆ. ತುದಿಯ ಸ್ಕ್ರೂ ಬಿಗಿ ಮಾಡಿದರೆ ನಡುಭಾಗ ಉಬ್ಬುತ್ತದೆ. ಹತ್ತು ಎಂಎಂನದು ಹೆಚ್ಚೆಂದರೆ 0.1ರಷ್ಟು ಹಿಗ್ಗುತ್ತದೆ. ಇದು ಒಂದು ಸೈಜಿನ ಸುತ್ತ ಸ್ವಲ್ಪ ಹೊಂದಿಸಿಕೊಳ್ಳಲು ಮಾತ್ರ. ಜಾಸ್ತಿ ಬಿಗಿ ಮಾಡಿದರೆ ಸೀಳಿನಲ್ಲಿ ಮುರಿಯುತ್ತದೆ. ನಡು ಉಬ್ಬುವುದರಿಂದ ಪೂರ್ತಿ ಆಚೆ ಬರುವವರೆಗೆ ತಿರುಗಿಸಿದರೆ ಮಾತ್ರ ಸೈಜ್ ಸಿಗುತ್ತದೆ. ತೂತು 10.01ರಲ್ಲಿ ನಿಂತು, ಪಿನ್ ಇನ್ನೊಂದೇ ಒಂದು ಚೂರು ಬಿಗಿ ಎನ್ನಿಸಿದಾಗ ಇದು ಚಿನ್ನ. 

ಬ್ಲೇಡ್ ಜಾರಿಸುವ ಅಡ್ಜಸ್ಟಬಲ್ ರೀಮರ್‌ನಲ್ಲಿ ಬ್ಲೇಡ್‌ಗಳೇ ಬೇರೆ. ಇಳಿಜಾರು ತೋಡುಗಳಲ್ಲಿ ಕೂತಿರುತ್ತವೆ. ಎರಡು ಬದಿಯ ನಟ್‌ಗಳನ್ನು ತಿರುಗಿಸಿ ಹಿಂದೆ ಮುಂದೆ ಸರಿಸಿದರೆ ಸೈಜ್ ಬದಲಾಗುತ್ತದೆ. ಒಂದೊಂದು ರೀಮರ್ ಒಂದು ಎಂಎಂ ಆಸುಪಾಸು ವ್ಯಾಪ್ತಿ ಕೊಡುತ್ತದೆ. ಸವೆದ ಶಾಫ್ಟ್‌ಗೆ 10.43 ಬುಷ್ (ಶಾಫ್ಟ್ ತಿರುಗುವ ಕೊಳವೆ) ಬೇಕು ಎಂದರೆ ಬೇರೆ ಯಾವ ರೀಮರೂ ಹತ್ತಿರ ಬರುವುದಿಲ್ಲ. ಆದರೆ ಸೈಜ್ ಹೊಂದಿಸುವುದಕ್ಕೇ ತಾಳ್ಮೆ ಬೇಕು. ಒಂದು ಸಲಕ್ಕೆ 0.02ರಷ್ಟೇ ತೆಗೆಯಬೇಕು. ನಟ್ ಒಂಚೂರು ತಿರುಗಿಸು, ತೂತಿಗೆ ಹಾಕು, ತೆಗೆ, ಚೂರು ಒರೆಸು, ಗೇಜ್ ಹಾಕು, ಮತ್ತೆ ತಿರುಗಿಸು. ಬ್ಲೇಡ್‌ಗಳನ್ನು ಬಿಚ್ಚಿದರೆ ಯಾವುದು ಯಾವ ತೋಡಿನದು ಎಂಬುದು ತಪ್ಪಬಾರದು. ತಪ್ಪಿದರೆ ಒಂದು ಬ್ಲೇಡ್ ಮಾತ್ರ ಎತ್ತರವಾಗಿ, ಅದೊಂದೇ ಕತ್ತರಿಸುತ್ತದೆ. ನಾನು ಕೊಂಡ ಅಗ್ಗದ ಒಂದರಲ್ಲಿ ಬ್ಲೇಡ್‌ಗಳು ಮೊದಲಿನಿಂದಲೇ ಏರುಪೇರು ಇದ್ದವು. ಕಂಚಿನ ಬುಷ್ ಒಳಗೆ ಆರು ಮೂಲೆಯ ತೂತು ಬಂತು. ಅದೇ ಬಗೆಯ ಹಳೇ, ಒಳ್ಳೆಯ ರೀಮರ್ ಸಿಕ್ಕಿದ ಮೇಲೆ ಅದೇ ಕೆಲಸ ಚೆಂದ ಆಯಿತು. ಇದೊಂದರಲ್ಲಿ ಅಗ್ಗದ್ದು ಬೇಡವೇ ಬೇಡ. ರಿಪೇರಿ ಕೆಲಸ ಮಾಡುವವರು ಇದನ್ನು ಕೊಳ್ಳಲಿ, ಹೊಸದಾಗಿ ಸಾಮಾನು ಮಾಡುವವರಿಗೆ ತುರ್ತಿಲ್ಲ.

ಪಿನ್ನಿನದೇ ತುಂಡು

ಈಗ ನನಗೆ ಅತಿ ಪ್ರೀತಿಯದು. ಪಿನ್ ಮಾಡುವ ಅದೇ ಸಿಲ್ವರ್ ಸ್ಟೀಲ್ ರಾಡ್‌ನಿಂದ ಒಂದು ತುಂಡು ಕತ್ತರಿಸಿ. ತುದಿಯನ್ನು ಉದ್ದ ಓರೆಯಾಗಿ ಅರದಿಂದ ಉಜ್ಜಿ, ಪೆನ್ನಿನ ನಿಬ್ ಹಾಗೆ. ಓರೆಯ ಮುಖ ಮೊಟ್ಟೆಯಾಕಾರ ಬರುತ್ತದೆ. ಆ ಮುಖದ ಅಂಚೇ ಕತ್ತರಿಸುವ ಅಂಚು. ಕೆಂಪಗೆ, ಅಯಸ್ಕಾಂತ ಅಂಟುವುದು ಬಿಟ್ಟ ಮೇಲೂ ಸ್ವಲ್ಪ ಕಾಯಿಸಿ, ನೆಟ್ಟಗೆ ನೀರಿಗೆ ಅದ್ದಿ. ಓರೆಯಾಗಿ ಅದ್ದಿದರೆ ಬಗ್ಗುತ್ತದೆ. ಕಪ್ಪು ಒರೆಸಿ, ಹೊಳಪು ಬಂದ ಮೇಲೆ ಹಿಂದಿನಿಂದ ಮೆಲ್ಲಗೆ ಕಾಯಿಸುತ್ತಾ ಬನ್ನಿ. ಮೂತಿಗೆ ಒಣಹುಲ್ಲಿನ ತಿಳಿ ಹಳದಿ ಬಣ್ಣ ಬಂದ ಕೂಡಲೇ ಮತ್ತೆ ನೀರು. ಕೊನೆಗೆ ಓರೆ ಮುಖವನ್ನು ಮಾತ್ರ ಎಣ್ಣೆಕಲ್ಲಿನಲ್ಲಿ ಉಜ್ಜಿ. ಸುತ್ತಿನ ಮೈ ಮುಟ್ಟಬೇಡಿ, ಸೈಜ್ ಇರುವುದು ಅಲ್ಲಿ.

ಹಿತ್ತಾಳೆಯಲ್ಲಿ ಇದು ಕೊಟ್ಟ ತೂತು ನೋಡಿ ನಾನು ಬೆರಗಾದೆ. ಯಾವ ರಾಡ್‌ನಿಂದ ಮಾಡಿದ್ದೋ ಅದೇ ರಾಡ್ ಅದರಲ್ಲಿ ಎಣ್ಣೆ ಹಾಕಿದರೆ ಜಾರುತ್ತದೆ, ಅಲ್ಲಾಡುವುದಿಲ್ಲ. ಸೈಜಿನ ಲೆಕ್ಕವೇ ಬೇಡ. ಮೈಲ್ಡ್ ಸ್ಟೀಲ್‌ನಲ್ಲೂ ನಡೆಯುತ್ತದೆ. ಆದರೆ ಬಹಳ ನಿಧಾನ, ಸಾಕಷ್ಟು ಎಣ್ಣೆ, ನಾಲ್ಕೈದು ತೂತಿಗೊಮ್ಮೆ ಕಲ್ಲಿಗೆ ಹಿಡಿಯಬೇಕು. 0.1ಕ್ಕಿಂತ ಜಾಸ್ತಿ ಲೋಹ ಬಿಟ್ಟರೆ ತಡೆಯುವುದಿಲ್ಲ, ಚೂರು ಹೋಗಲು ಜಾಗವೂ ಕಡಿಮೆ, ಆಗಾಗ ಹೊರಗೆ ಎಳೆದು ಒರೆಸಬೇಕು. ಒಂದೇ ಒಂದು ತೂತಿಗೆ, ಅಂಗಡಿಯಲ್ಲಿ ಸಿಗದ ಸೈಜಿಗೆ, ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಕಾರ್ಬೈಡ್ (ಬಹಳ ಗಡಸು, ಆದರೆ ಬೇಗ ಒಡೆಯುವ ವಸ್ತು) ರೀಮರ್ ಒಂದನ್ನು ಸಣ್ಣ ಡ್ರಿಲ್ ಮಷೀನ್‌ನಲ್ಲಿ ಹಾಕಿದ್ದೆ. ಎರಡನೇ ತೂತಿಗೇ ಒಂದು ಹಲ್ಲಿನ ಮೂಲೆ ಹಾರಿತು. ಅಲುಗಾಡುವ ಮಷೀನ್‌ಗೆ ಅದು ಬೇಡ. ರೀಮರ್ ಇಲ್ಲದೆ ಬರೀ ಬೋರಿಂಗ್‌ನಿಂದ ಸೈಜಿಗೆ ತರುವುದೂ ಆಗುತ್ತದೆ. ಆದರೆ ಹತ್ತು ಎಂಎಂ ತೂತಿನಲ್ಲಿ ಟೂಲ್ ತೆಳ್ಳಗಿರುತ್ತದೆ, ಬಾಗುತ್ತದೆ, ಎಂಎಂನ ಕೊನೆಯ ನೂರನೇ ಭಾಗಕ್ಕೆ ಅದೇ ಅಳತೆಯಲ್ಲಿ ಮತ್ತೆ ಮತ್ತೆ ಹಾಯಿಸಬೇಕು. 16 ಎಂಎಂ ದಾಟಿದರೆ ನಾನು ಬೋರಿಂಗ್‌ನ ಕಡೆಗೇ. ಅಷ್ಟು ದೊಡ್ಡ ರೀಮರ್ ದುಬಾರಿ, ಬಳಸುವುದು ಅಪರೂಪ.

ಸೆಟ್ಟೋ ಬಿಡಿಯೋ

ಬಿಡಿ. 3ರಿಂದ 10ರವರೆಗಿನ ಒಂದು ಸೆಟ್ ನನ್ನ ಹತ್ತಿರ ಇದೆ. 7 ಮತ್ತು 9 ಇನ್ನೂ ಎಣ್ಣೆ ಕಾಗದದಲ್ಲೇ ಇವೆ. 6 ಮತ್ತು 10 ಸವೆದು ಎರಡನೇದು ಬಂದಿವೆ. ಸೆಟ್‌ಗೆ ಕೊಟ್ಟ ದುಡ್ಡಿನಲ್ಲಿ 6, 8, 10ರ ಒಳ್ಳೆಯ ಮಷೀನ್ ರೀಮರ್ ಒಂದೊಂದು, ಅವಕ್ಕೆ ಹೊಂದುವ 5.8, 7.8, 9.8 ಡ್ರಿಲ್ ಬಿಟ್ ಎರಡೆರಡು ಕೊಳ್ಳಬಹುದಿತ್ತು. ಆ ಬಿಟ್‌ಗಳನ್ನು ಬೇರೆ ಕೆಲಸಕ್ಕೆ ಮುಟ್ಟಬೇಡಿ. ಮೊಂಡು ಬಿಟ್ ದೊಡ್ಡದು ಕೊರೆದರೆ ಒಳ್ಳೆಯ ರೀಮರ್‌ಗೂ ಮಾಡಲು ಏನೂ ಉಳಿಯುವುದಿಲ್ಲ.

ಲೋಹಕ್ಕೆ ತಕ್ಕ ಎಣ್ಣೆ ಇರಲಿ. ಸ್ಟೀಲ್‌ಗೆ ಕಟಿಂಗ್ ಆಯಿಲ್ ಧಾರಾಳವಾಗಿ. ಅಲ್ಯೂಮಿನಿಯಂಗೆ ಸೀಮೆಎಣ್ಣೆ. ಒಣಗಿದ್ದರೆ ಲೋಹ ಹಲ್ಲಿಗೆ ಮೆತ್ತಿಕೊಂಡು ತೂತನ್ನು ಕಿತ್ತು ದೊಡ್ಡದು ಮಾಡುತ್ತದೆ. ಬೀಡು ಕಬ್ಬಿಣಕ್ಕೆ ಏನೂ ಬೇಡ. ಹಿತ್ತಾಳೆ, ಕಂಚಿಗೆ ಬೇಕಾದ್ದು ಎಣ್ಣೆಗಿಂತ ಹೆಚ್ಚಾಗಿ ಚೂಪು. ಸ್ಟೀಲ್ ಕತ್ತರಿಸಿ ಒಂಚೂರು ಮೊಂಡಾದ ರೀಮರ್ ಕಂಚಿನ ಬುಷ್‌ನಲ್ಲಿ ಕಚ್ಚಿ ನಿಂತುಬಿಡುತ್ತದೆ. ಅದಕ್ಕೆ ಹೊಸ ರೀಮರ್ ಮೊದಲು ಕಂಚಿಗೆ, ವಯಸ್ಸಾದ ಮೇಲೆ ಸ್ಟೀಲ್‌ಗೆ. ಎಣ್ಣೆ ಹೀರಿಕೊಂಡಿರುವ, ಪುಡಿ ಒತ್ತಿ ಮಾಡಿದ ಕಂಚಿನ ಬುಷ್‌ಗೆ ಮಾತ್ರ ರೀಮರ್ ಹಾಕಲೇಬೇಡಿ. ಸಣ್ಣ ರಂಧ್ರಗಳು ಮುಚ್ಚಿ ಎಣ್ಣೆ ಹೊರಗೆ ಬರುವುದಿಲ್ಲ.

ಇನ್ನೊಂದು, ಬಿಸಿ. ಡ್ರಿಲ್ ಮಾಡಿದ ತಕ್ಷಣ ಅಲ್ಯೂಮಿನಿಯಂ ತುಂಡು ಕೈಗೆ ಸುಡುತ್ತಿರುವಾಗಲೇ ರೀಮರ್ ಹಾಕಿದೆ. ಗೇಜ್ ಆಗ ಇಳಿಯಿತು, ತಣ್ಣಗಾದ ಮೇಲೆ ನಿಂತಿತು. 30 ಡಿಗ್ರಿ ಇಳಿದರೆ ಹತ್ತು ಎಂಎಂ ತೂತು ಸುಮಾರು 0.007 ಕುಗ್ಗುತ್ತದೆ. ಎಚ್7ರ ಅರ್ಧ ಅಳತೆ ಅಲ್ಲೇ ಹೋಯಿತು. ಈಗ ತುಂಡು ತಣ್ಣಗಾಗುವವರೆಗೆ ಕಾಯುತ್ತೇನೆ.

ತೂತು ಒಂದು ಕೂದಲೆಳೆ ದೊಡ್ಡದು ಬೇಕು, ಹಿಗ್ಗಿಸುವ ರೀಮರ್ ಇಲ್ಲ ಎಂದಾಗ ಒಂದು ಉಪಾಯ. ತೆಳು ಕಾಗದದ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, ಹ್ಯಾಂಡ್ ರೀಮರ್‌ನ ಒಂದು ಹಲ್ಲಿನ ಮೇಲೆ ಉದ್ದಕ್ಕೆ ಇಟ್ಟು, ಕೈಯಲ್ಲೇ ತಿರುಗಿಸಿ. ಕಾಗದ ಇರುವ ಹಲ್ಲು ಕತ್ತರಿಸುವುದಿಲ್ಲ, ಎದುರಿನ ಹಲ್ಲುಗಳನ್ನು ಗೋಡೆಗೆ ಒತ್ತುತ್ತದೆ. ನನ್ನ 10.01 ತೂತಿಗೆ 10.02 ಗೇಜ್ ಹೀಗೆಯೇ ಇಳಿಯಿತು.

ಡಬ್ಬದಲ್ಲಿ ಹಾಳಾದವನ್ನು ನೋಡಿದ ಮೇಲೆ ನನ್ನ ಒಂದೊಂದು ರೀಮರ್‌ಗೂ ಒಂದೊಂದು ಪ್ಲಾಸ್ಟಿಕ್ ಕೊಳವೆ. ಒಳಗೆ ಎರಡು ಹನಿ ಎಣ್ಣೆ. ಹೊರಗೆ ಚೀಟಿ. ಚೀಟಿಯಲ್ಲಿ ಕಂಪನಿ ಕೊರೆದ ಸೈಜ್ ಬರೆಯುವುದಿಲ್ಲ, ಎಂಎಸ್ ತುಂಡಿನಲ್ಲಿ ಹಾಕಿ ನೋಡಿ ಬಂದ ತೂತಿನ ಸೈಜ್ ಬರೆಯುತ್ತೇನೆ. ‘10.01, ಕಂಚಿಗೆ ಮಾತ್ರ.’ ‘10.01, ಸ್ಟೀಲ್.’ ‘9.98, ಬಿಗಿ ಪಿನ್.’ ಪ್ರತಿ ಚೀಟಿಯ ಕೆಳಗೆ ಅದು ಯಾವ ರಾಡ್‌ಗೆ ಜೋಡಿ ಎಂಬುದೂ ಇದೆ, ಆ ರಾಡ್‌ನ ಒಂದು ಗಿಡ್ಡ ತುಂಡು ಅದೇ ಕೊಳವೆಗೆ ದಾರದಲ್ಲಿ ಕಟ್ಟಿದೆ.